ಬುಲ್‌ಬಾರ್, ವಿಂಚ್ ಮತ್ತು ನಮ್ಮ ಭಾವನ ಯೂಟ್

ಸಂಘದ ಇ-ಪುಸ್ತಿಕೆ ಅಂದ್ರೆ ರಾಜ್ಯೋತ್ಸವದ ಫೋಟೋ, ಮೊದಲ ಸಲ ಮಾಡಿದ ಬಿಸಿಬೇಳೆಬಾತ್, ಊರಿನ ಮಳೆಯ ನೆನಪು ಇವೆಲ್ಲ ಇರಲೇಬೇಕು. ನಾನು ಮಾತ್ರ ಈ ಸಲ ಗಾಡಿ ಸಾಮಾನಿನ ಬಗ್ಗೆ ಬರೀತಾ ಇದ್ದೀನಿ. ಪಿಕಪ್ ಗಾಡಿಯ ಮುಂದೆ ಹಾಕಿಸೋ ಬುಲ್‌ಬಾರ್, ಅದರೊಳಗೆ ಕೂರಿಸೋ ವಿಂಚ್. ನಮ್ಮಲ್ಲಿ ಎಷ್ಟೋ ಜನ ಓದು ಮುಗಿಸಿ ಸಿಡ್ನಿ, ಮೆಲ್ಬರ್ನ್ ಬಿಟ್ಟು ಗಣಿ, ಸೋಲಾರ್, ರಸ್ತೆ, ಕೃಷಿ ಅಂತ ಒಳನಾಡಿಗೆ ಕೆಲಸಕ್ಕೆ ಹೋಗ್ತಾರೆ. ಹೋದ ತಿಂಗಳಲ್ಲೇ ಯಾರಾದ್ರೂ ಕೇಳ್ತಾರೆ, "ಯೂಟ್ ತಗೊಂಡ್ಯಾ? ಬಾರ್ ಹಾಕಿಸಿದ್ಯಾ?" ಅಂತ. ಆಗ ಬ್ಯಾಂಕಿನಲ್ಲಿರೋ ದುಡ್ಡು ಕೈಗೆ ಬರೋ ಮುಂಚೆ ಈ ಲೇಖನ ಒಮ್ಮೆ ನೆನಪಾದ್ರೆ ಸಾಕು.

ನಾನು ಮೆಲ್ಬರ್ನ್‌ನಲ್ಲಿ ಮೆಕ್ಯಾನಿಕಲ್‌ನಲ್ಲಿ ಮಾಸ್ಟರ್ಸ್ ಮಾಡ್ತಾ ಇದ್ದೀನಿ. ಸ್ಟೂಡೆಂಟ್ ವೀಸಾದವರಿಗೆ ಹದಿನೈದು ದಿನಕ್ಕೆ 48 ಗಂಟೆ ಕೆಲಸ ಅಂತ ನಿಯಮ ಇದೆಯಲ್ಲ, ಆ ಗಂಟೆಗಳನ್ನ ನಾನು ಕಳೆಯೋದು ಡ್ಯಾಂಡೆನಾಂಗ್ ಕಡೆಯ ಒಂದು ಫೋರ್-ವೀಲ್-ಡ್ರೈವ್ ಸಾಮಾನಿನ ಅಂಗಡಿಯಲ್ಲಿ. ಅರ್ಧ ದಿನ ಕೌಂಟರ್, ಅರ್ಧ ದಿನ ಹಿಂದಿನ ಶೆಡ್‌ನಲ್ಲಿ ಫಿಟ್ಟಿಂಗ್ ಮಾಡೋರಿಗೆ ಸ್ಪ್ಯಾನರ್ ಕೊಡೋ ಕೆಲಸ. ನಮ್ಮೂರು ಸಕಲೇಶಪುರದ ಹತ್ತಿರ. ಮಳೆಗಾಲದಲ್ಲಿ ಟೈರಿಗೆ ಚೈನು ಸುತ್ತಿಕೊಂಡು ತೋಟದ ರಸ್ತೆ ಹತ್ತೋ ಜೀಪುಗಳನ್ನ ನೋಡಿ ಬೆಳೆದವನು. ಹಾಗಾಗಿ ಈ ಕೆಲಸ ನನಗೆ ಮೊದಲ ದಿನದಿಂದಲೇ ಹಿಡಿಸ್ತು.

ಇಲ್ಲಿಯವರಿಗೆ ಯೂಟ್ ಅಂದ್ರೆ ಎಷ್ಟು ಪ್ರೀತಿ ಅಂತ ಅಂಗಡಿಗೆ ಬಂದ ಮೇಲೆ ಗೊತ್ತಾಯ್ತು. ಹುಟ್ಟಿದ್ದೂ ನಮ್ಮ ಮೆಲ್ಬರ್ನ್ ಪಕ್ಕದ ಜೀಲಾಂಗ್‌ನಲ್ಲೇ. ಅಲ್ಲಿನ ಫೋರ್ಡ್ ಕಾರ್ಖಾನೆಯಲ್ಲಿದ್ದ ಲ್ಯೂ ಬ್ಯಾಂಟ್ ಅನ್ನೋ ಯುವಕ ರೂಪಿಸಿದ ಗಾಡಿ 1934ರಲ್ಲಿ ರಸ್ತೆಗೆ ಬಂತು. ಭಾನುವಾರ ಚರ್ಚಿಗೂ ಹೋಗಬೇಕು, ಸೋಮವಾರ ಹಂದಿಗಳನ್ನ ಸಂತೆಗೂ ಸಾಗಿಸಬೇಕು, ಅಂಥ ಒಂದು ಗಾಡಿ ಮಾಡಿಕೊಡಿ ಅಂತ ಒಬ್ಬ ರೈತನ ಹೆಂಡತಿ ಕಂಪನಿಗೆ ಕಾಗದ ಬರೆದಿದ್ದಳು ಅಂತ ಹೇಳ್ತಾರೆ. ಬುಲ್‌ಬಾರ್ ವ್ಯಾಪಾರದಲ್ಲಿ ದೊಡ್ಡ ಹೆಸರಾದ ಎಆರ್‌ಬಿ ಕೂಡ 1975ರಲ್ಲಿ ಮೆಲ್ಬರ್ನ್‌ನಲ್ಲೇ ಶುರುವಾದದ್ದು. ಅಂದ್ರೆ ನಾವು ಈ ವಿದ್ಯೆಯ ತವರುಮನೆಯಲ್ಲೇ ಇದ್ದೀವಿ.

ಇನ್ನು ಭಾವನ ವಿಷಯ. ಅಕ್ಕ, ಭಾವ ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿದ್ದಾರೆ, ಐದು ವರ್ಷದ ಮಗ ಇದ್ದಾನೆ. ಭಾವ ನವಲಗುಂದದ ಕಡೆಯವರು. ಹೊಲದ ಮಣ್ಣಿನ ತೇವ ಅಳೆಯೋ ಸೆನ್ಸರ್‌ಗಳನ್ನ ಕೂರಿಸೋ ಕೆಲಸ ಸಿಕ್ತು. ತಿಂಗಳಲ್ಲಿ ಎರಡು ವಾರ ಸಿಡ್ನಿಯಲ್ಲಿ, ಎರಡು ವಾರ ನ್ಯಾರಬ್ರೈ ಸುತ್ತಮುತ್ತಲಿನ ಹತ್ತಿ ಹೊಲಗಳಲ್ಲಿ. ಒಂದು ಕಡೆಗೇ ಐನೂರು ಕಿಲೋಮೀಟರಿಗಿಂತ ಜಾಸ್ತಿ. ಒಬ್ಬರೇ ಹೋಗಬೇಕು. ಅದಕ್ಕೆ ಅಂತ ಸೆಕೆಂಡ್‌ಹ್ಯಾಂಡ್ ಡಬಲ್ ಕ್ಯಾಬ್ ಹೈಲಕ್ಸ್ ತಗೊಂಡ್ರು.

ಗಾಡಿ ಬಂದ ದಿನವೇ ಅಕ್ಕನ ಫೋನ್. "ನೋಡೋ, ನಿಮ್ಮ ಅಂಗಡಿಯಲ್ಲಿ ಇರೋದ್ರಲ್ಲೇ ಗಟ್ಟಿ ಬಾರ್ ಹಾಕ್ಸು. ವಿಂಚೂ ಇರ್ಲಿ. ಆ ರಸ್ತೆಯಲ್ಲಿ ಫೋನ್ ಸಿಗಲ್ವಂತೆ. ದುಡ್ಡು ನೋಡ್ಬೇಡ."

ದುಡ್ಡು ನೋಡಬೇಡ ಅಂದ್ರೂ ನೋಡದೇ ಇರೋಕಾಗಲ್ಲ. ನಾನು ಬರೆದುಕೊಂಡ ಮೊದಲ ಪಟ್ಟಿ ಹೀಗಿತ್ತು: ಸ್ಟೀಲ್ ಬಾರ್, ಫಿಟ್ಟಿಂಗ್ ಸೇರಿ 2,900 ಡಾಲರ್. ವಿಂಚ್, ಹಗ್ಗ, ವೈರಿಂಗ್ ಸೇರಿ 2,400. ಒಟ್ಟು 5,300. ಅದು ಅವರ ಆರು ತಿಂಗಳ ಉಳಿತಾಯ. ಇಷ್ಟು ದುಡ್ಡು ಹಾಕೋ ಮುಂಚೆ ಒಂದೊಂದಾಗಿ ಲೆಕ್ಕ ಹಾಕೋಣ ಅಂತ ಮೂವರೂ ವೀಡಿಯೋ ಕಾಲ್‌ನಲ್ಲಿ ಕೂತ್ವಿ.

ಮೊದಲ ಪ್ರಶ್ನೆ: ಬಾರ್ ಬೇಕೇ ಬೇಕಾ? ಊರಲ್ಲಿ ನಾವು ನೋಡಿರೋ ಕ್ರ್ಯಾಶ್‌ಗಾರ್ಡ್ ಬಹುತೇಕ ಶೋಕಿ. ಸ್ಕಾರ್ಪಿಯೋ ಮುಂದೆ ಹೊಳೆಯೋ ಪೈಪು, ಅದರ ಮೇಲೆ ಹೂವಿನ ಹಾರ. 2017ರ ಡಿಸೆಂಬರ್‌ನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ಇವುಗಳ ಮೇಲೆ ಕ್ರಮ ತಗೊಳ್ಳಿ ಅಂತ ಎಲ್ಲ ರಾಜ್ಯಗಳಿಗೂ ಪತ್ರ ಬರೀತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರಚನೆಯನ್ನ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ. ಪಾದಚಾರಿಗೂ ಅಪಾಯ, ಒಳಗಿರೋರಿಗೂ ಅಪಾಯ ಅನ್ನೋದು ಕಾರಣ. ಭಾವ ಇದನ್ನೇ ಹಿಡಕೊಂಡು ಕೇಳಿದ್ರು, "ಅಲ್ಲೆ ಬ್ಯಾಡಂದದ್ದು ಇಲ್ಲೆ ಯಾಕ ಬೇಕೋ ತಮ್ಮಾ?"

ಉತ್ತರ ಕಾಂಗರೂ. ಮುಂಜಾನೆ, ಮುಸ್ಸಂಜೆ ಹೊತ್ತಿಗೆ ರಸ್ತೆ ಬದಿಯ ಹುಲ್ಲಿಗೆ ಬರೋ ಕಾಂಗರೂ ದೀಪ ಕಂಡ್ರೆ ಯಾವ ಕಡೆ ಜಿಗಿಯುತ್ತೆ ಅಂತ ಹೇಳೋಕಾಗಲ್ಲ. ದೊಡ್ಡ ಕೆಂಪು ಗಂಡು ಕಾಂಗರೂ ಎಂಬತ್ತು ಕಿಲೋ ದಾಟುತ್ತೆ. ನೂರರ ವೇಗದಲ್ಲಿ ಹೋಗ್ತಿರುವಾಗ ಅದು ಬಡಿದರೆ ಪ್ಲಾಸ್ಟಿಕ್ ಬಂಪರ್ ಪುಡಿಯಾಗಿ, ಹಿಂದಿರೋ ರೇಡಿಯೇಟರ್ ಒಡೆದು, ನೀರು ಸೋರಿ, ಗಾಡಿ ಅಲ್ಲೇ ನಿಲ್ಲುತ್ತೆ. ರಾತ್ರಿ, ಫೋನ್ ಸಿಗ್ನಲ್ ಇಲ್ಲ, ಮುಂದಿನ ಊರು ಅರ್ಧ ಗಂಟೆ ದೂರ. ಒಳನಾಡಿನಲ್ಲಿ ಬಾರ್ ಮಾಡೋ ದೊಡ್ಡ ಉಪಕಾರ ಅಂದ್ರೆ ರೇಡಿಯೇಟರ್ ಉಳಿಸಿ, ಗಾಡಿ ಮುಂದಿನ ಊರು ಮುಟ್ಟೋ ಹಾಗೆ ಮಾಡೋದು. ಸಣ್ಣ ನಡ್ಜ್ ಬಾರ್ ಈ ಕೆಲಸಕ್ಕೆ ಸಾಲಲ್ಲ, ಅದು ಪಾರ್ಕಿಂಗ್‌ನಲ್ಲಿ ತಾಗೋದಕ್ಕೆ ಸರಿ. ಹಾಗಾಗಿ ಬಾರ್ ಬೇಕು ಅಂತ ಆಯ್ತು.

ಇಲ್ಲಿ ಬಾರ್‌ಗೂ ಕಟ್ಟುನಿಟ್ಟು ಇದೆ. ರಸ್ತೆಯಲ್ಲಿ ಓಡಾಡೋರ ರಕ್ಷಣೆಗೆ ಅಂತ 2002ರ ಆಸ್ಟ್ರೇಲಿಯನ್ ಸ್ಟ್ಯಾಂಡರ್ಡ್ ಒಂದಿದೆ, ನಂಬರ್ 4876.1. ಚೂಪು ಅಂಚು ಇರಬಾರದು, ಬಾರ್ ಗಾಡಿಯ ಮುಖದ ಆಕಾರಕ್ಕೆ ಹೊಂದಬೇಕು, ದೀಪ, ನಂಬರ್ ಪ್ಲೇಟ್ ಮುಚ್ಚಬಾರದು. ಎಲ್ಲಕ್ಕಿಂತ ಮುಖ್ಯ, ಏರ್‌ಬ್ಯಾಗ್. ಡಿಕ್ಕಿಯಾದಾಗ ಮುಂಭಾಗ ಎಷ್ಟು ಬೇಗ ಕುಗ್ಗುತ್ತೆ ಅನ್ನೋದರ ಮೇಲೆ ಏರ್‌ಬ್ಯಾಗ್ ಯಾವಾಗ ತೆರೀಬೇಕು ಅಂತ ಕಾರ್ಖಾನೆಯಲ್ಲಿ ಲೆಕ್ಕ ಮಾಡಿರ್ತಾರೆ. ನಡುವೆ ಗಟ್ಟಿ ಸ್ಟೀಲ್ ಬಂದ್ರೆ ಆ ಲೆಕ್ಕ ತಪ್ಪುತ್ತೆ. ಅದಕ್ಕೇ ಆ ಮಾಡೆಲ್ಲಿಗೆ, ಆ ವರ್ಷದ ಗಾಡಿಗೆ ಅಂತಲೇ ಪರೀಕ್ಷೆ ಮಾಡಿರೋ ಬಾರ್ ತಗೋಬೇಕು. "ಇದೂ ಹೈಲಕ್ಸ್‌ದೇ, ಸ್ವಲ್ಪ ಗ್ರೈಂಡ್ ಮಾಡಿದ್ರೆ ಕೂರುತ್ತೆ" ಅಂತ ಯಾರಾದ್ರೂ ಅಗ್ಗಕ್ಕೆ ಕೊಡೋಕೆ ಬಂದ್ರೆ ದಯವಿಟ್ಟು ಬೇಡ ಅನ್ನಿ. ಹೊಸ ಗಾಡಿಗಳಲ್ಲಿ ತಾನಾಗೇ ಬ್ರೇಕ್ ಹಾಕೋ ರೇಡಾರ್, ಪಾರ್ಕಿಂಗ್ ಸೆನ್ಸರ್ ಕೂಡ ಮುಂದೆಯೇ ಇರೋದ್ರಿಂದ ಅವು ಸರಿಯಾಗಿ ಕೆಲಸ ಮಾಡ್ತವಾ ಅಂತಲೂ ಕೇಳಬೇಕು.

ಎರಡನೇ ಪ್ರಶ್ನೆ ತೂಕ. ಹೆಚ್ಚಿನವರು ಕೇಳೋದೇ ಇಲ್ಲ. ಭಾವನ ಗಾಡಿಯ ಜಿವಿಎಂ, ಅಂದ್ರೆ ಜನ, ಸಾಮಾನು, ಡೀಸೆಲ್ ಎಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ, 3,050 ಕಿಲೋ. ಇದನ್ನ ಮೀರಿದ್ರೆ ಪೊಲೀಸರು ದಂಡ ಹಾಕಬಹುದು, ಅಪಘಾತ ಆದ್ರೆ ವಿಮೆಯವರೂ ತಕರಾರು ತೆಗೀಬಹುದು. ಸ್ಟೀಲ್ ಬಾರ್ 70 ಕಿಲೋ, ವಿಂಚ್ 40 ಕಿಲೋ, ಒಟ್ಟು 110 ಅಂತ ಇಟ್ಟುಕೊಳ್ಳಿ. "ಇಬ್ಬರು ಕೂತಂಗ ಅಷ್ಟ" ಅಂದ್ರು ಭಾವ. ಆದ್ರೆ ಆ ಇಬ್ಬರು ಕೂರೋದು ಮುಂದಿನ ಚಕ್ರಕ್ಕಿಂತ ಮುಂದೆ, ಸುಮಾರು 0.9 ಮೀಟರ್ ಆಚೆ. ಏತದ ಮರದ ತುದಿಯಲ್ಲಿ ನಿಂತ ಹಾಗೆ. ಹೈಲಕ್ಸ್‌ನ ಎರಡು ಆಕ್ಸಲ್ ನಡುವಿನ ದೂರ 3.085 ಮೀಟರ್. ಸನ್ನೆಯ ಲೆಕ್ಕ ಹಾಕಿದ್ರೆ ಮುಂದಿನ ಆಕ್ಸಲ್ ಮೇಲೆ ಬೀಳೋದು 110 ಅಲ್ಲ, ಸುಮಾರು 142 ಕಿಲೋ. ಹಿಂದಿನ ಆಕ್ಸಲ್‌ನಿಂದ 32 ಕಿಲೋ ಎತ್ತಿ ಮುಂದಕ್ಕೆ ಹಾಕಿದ ಹಾಗೆ. ಮುಂಭಾಗ ಕುಸಿಯುತ್ತೆ, ಗಟ್ಟಿ ಸ್ಪ್ರಿಂಗ್ ಬೇಕಾಗುತ್ತೆ, ಮತ್ತೆ ಖರ್ಚು. ಅದೇ 45 ಕಿಲೋದ ಅಲ್ಯೂಮಿನಿಯಂ ಬಾರ್ ಒಂದೇ ಆದ್ರೆ ಮುಂದಿನ ಆಕ್ಸಲ್‌ಗೆ ಬೀಳೋದು 58 ಕಿಲೋ. ಸ್ಟೀಲ್ ಬಗ್ಗಿದ್ರೆ ಬಡಿದು ಸರಿ ಮಾಡಬಹುದು, ಅಲ್ಯೂಮಿನಿಯಂ ಬಿರುಕು ಬಿಟ್ರೆ ರಿಪೇರಿ ಕಷ್ಟ. ಆದ್ರೂ ಹಿಂದೆ ಕ್ಯಾನಪಿ, ಟೂಲ್ಸ್, ಸೆನ್ಸರ್ ಪೆಟ್ಟಿಗೆ, ನೀರು ಎಲ್ಲ ಹೊರೋ ಗಾಡಿಗೆ ಕಡಿಮೆ ತೂಕದ್ದೇ ಮೇಲು.

ಮೂರನೇದು ವಿಂಚ್. ಇಲ್ಲಿ ನನಗೂ ಭಾವನಿಗೂ ಸರಿಯಾಗಿ ವಾದ ಆಯ್ತು. ಅಂಗಡಿಯಲ್ಲಿ ನಾವು ಹೇಳೋ ಸೂತ್ರ ಸರಳ: ಜಿವಿಎಂನ ಒಂದೂವರೆ ಪಟ್ಟು ಎಳೆಯೋ ಶಕ್ತಿ ಇರಬೇಕು. 3,050ರ ಒಂದೂವರೆ ಪಟ್ಟು 4,575 ಕಿಲೋ. ವಿಂಚ್‌ಗಳನ್ನ ಪೌಂಡ್ ಲೆಕ್ಕದಲ್ಲಿ ಮಾರ್ತಾರೆ. 10,000 ಪೌಂಡ್ ಅಂದ್ರೆ 4,536 ಕಿಲೋ, ಕೂದಲೆಳೆಯಷ್ಟು ಕಡಿಮೆ. ಹಾಗಾಗಿ 12,000 ಪೌಂಡಿನದ್ದು. ಈ ಶಕ್ತಿಯೂ ಡ್ರಮ್ ಮೇಲೆ ಹಗ್ಗದ ಮೊದಲ ಸುತ್ತಿನ ಪದರ ಮಾತ್ರ ಇದ್ದಾಗ ಸಿಗೋದು. ಮೇಲೆ ಒಂದೊಂದು ಪದರ ಬಂದ ಹಾಗೆ ಎಳೆತ ಕಡಿಮೆ ಆಗ್ತಾ ಹೋಗುತ್ತೆ. ಪೂರ್ತಿ ಭಾರದಲ್ಲಿ ಬ್ಯಾಟರಿಯಿಂದ 400 ಆಂಪಿಯರ್ ಹತ್ತಿರ ಕರೆಂಟ್ ಕುಡಿಯುತ್ತೆ. ಹಗ್ಗದಲ್ಲಿ ಎರಡು ಬಗೆ. ಸ್ಟೀಲ್ ಕೇಬಲ್ ಉಜ್ಜಾಟ ತಡೆಯುತ್ತೆ, ಆದ್ರೆ ಭಾರ, ತುಂಡಾದ್ರೆ ಚಾಟಿ ಹಾಗೆ ಹಾರಿ ಬರುತ್ತೆ. ಸಿಂಥೆಟಿಕ್ ಹಗ್ಗ ಹಗುರ, ಹಾರೋ ಅಪಾಯ ಕಡಿಮೆ, ಆದ್ರೆ ಬಿಸಿಲಿಗೆ, ಮಣ್ಣಿಗೆ ಸವೆಯುತ್ತೆ. ಎರಡರ ಮೇಲೂ ಭಾರದ ಡ್ಯಾಂಪರ್ ಬಟ್ಟೆ ಹಾಕಿ, ಜನರನ್ನ ದೂರ ನಿಲ್ಲಿಸಿಯೇ ಎಳೀಬೇಕು.

ಇಷ್ಟೆಲ್ಲ ಹೇಳಿ, "ಭಾವ, ಟೂಲಾಂಗಿ ಕಾಡಿಗೆ ಹೋಗೋ ನಮ್ಮ ಗಿರಾಕಿಗಳೆಲ್ಲ ವಿಂಚ್ ಇಲ್ಲದೆ ಹೊರಡೋದೇ ಇಲ್ಲ" ಅಂದೆ. ಮೆಲ್ಬರ್ನ್‌ನ ಈಶಾನ್ಯಕ್ಕಿರೋ ಟೂಲಾಂಗಿ ಥೇಟ್ ನಮ್ಮ ಮಲೆನಾಡು. ಮುಗಿಲು ಮುಟ್ಟೋ ಮರ, ಜಾರೋ ಏರು, ಮಳೆ.

ಭಾವ ಒಂದು ನಿಮಿಷ ಸುಮ್ಮನಿದ್ರು. ಆಮೇಲೆ ಕೇಳಿದ್ರು, "ತಮ್ಮಾ, ನಾ ಹೋಗೂದು ಎರಿ ಹೊಲಕ್ಕ. ಅಲ್ಲೆ ಗಿಡ ಎಲ್ಲದಾವೋ? ನಿನ್ನ ಹಗ್ಗ ಯಾವುದಕ್ಕ ಕಟ್ಟಲಿ?"

ಅವರ ಕಡೆ ಗಿಡ ಅಂದ್ರೆ ಮರ. ನ್ಯಾರಬ್ರೈ, ಗನಿಡಾ ಸುತ್ತಲಿನ ನೆಲ ಕಪ್ಪು ಮಣ್ಣಿನ ಬಯಲು. ನವಲಗುಂದ, ಗದಗ ಕಡೆಯ ಎರೆಭೂಮಿಯದ್ದೇ ಜಾತಿ. ಮಣ್ಣಿನ ವಿಜ್ಞಾನದವರು ಎರಡನ್ನೂ ವರ್ಟಿಸಾಲ್ ಅಂತ ಒಂದೇ ಗುಂಪಿಗೆ ಸೇರಿಸ್ತಾರೆ. ಬೇಸಿಗೆಯಲ್ಲಿ ಕೈ ತೂರೋ ಹಾಗೆ ಬಿರುಕು ಬಿಡುತ್ತೆ, ಮಳೆ ಬಿದ್ರೆ ಉಬ್ಬಿ ಅಂಟಾಗುತ್ತೆ. ಅಲ್ಲೂ ಹತ್ತಿ, ಇಲ್ಲೂ ಹತ್ತಿ. ಹೊಲದ ನಡುವೆ ಮರ ಅನ್ನೋದು ಕಣ್ಣಿಗೆ ಬೀಳಲ್ಲ. ವಿಂಚ್ ಅಂದ್ರೆ ಒಂದು ತುದಿ ಗಾಡಿಗೆ, ಇನ್ನೊಂದು ತುದಿ ಅಲುಗಾಡದ ಯಾವುದಾದ್ರೂ ವಸ್ತುವಿಗೆ. ಆ ಇನ್ನೊಂದು ತುದಿಯೇ ಇಲ್ಲದ ಕಡೆ 12,000 ಪೌಂಡ್ ತಗೊಂಡು ಏನು ಮಾಡೋದು? ಸ್ಟೆಪ್ನಿ ಚಕ್ರವನ್ನ ಹೂತು ಅದಕ್ಕೆ ಕಟ್ಟಬಹುದು ಅಂತ ನಾನು ಹೇಳಿದೆ. "ಒದ್ದಿ ಎರಿಯೊಳಗ ಒಬ್ಬನ ಗುಂಡಿ ತೋಡಿ ನೋಡು, ಆಮ್ಯಾಲೆ ಹೇಳು" ಅಂದ್ರು. ಎತ್ತಿನ ಗಾಡಿಯ ಚಕ್ರಕ್ಕೆ ಎರೆ ಮಣ್ಣು ಮೆತ್ತಿಕೊಂಡು ತಿರುಗದೇ ನಿಂತದ್ದನ್ನ ಕಂಡ ಮನುಷ್ಯನಿಗೆ ನಾನು ಇನ್ನೇನು ಹೇಳಲಿ. ಅವರ ಊರಲ್ಲಿ ಮಳೆ ಬಿದ್ರೆ ಮಾಡೋದು ಒಂದೇ: ನೆಲ ಒಣಗೋವರೆಗೂ ಹೊಲಕ್ಕೆ ಗಾಡಿ ಇಳಿಸೋದಿಲ್ಲ.

ಸಕಲೇಶಪುರದವನಿಗೆ ವಿಂಚ್ ಸರಿ ಕಾಣೋದು, ನವಲಗುಂದದವರಿಗೆ ಕಾಣದೇ ಇರೋದು, ಎರಡಕ್ಕೂ ಕಾರಣ ಮಣ್ಣು. ಅಂಗಡಿಯ ಪಟ್ಟಿಯಲ್ಲಿ ಮಣ್ಣಿನ ಹೆಸರು ಬರೆದಿರಲ್ಲ. ಅದನ್ನ ಕೊಳ್ಳೋರೇ ಬರ್ಕೋಬೇಕು.

ಅಕ್ಕನಿಗೆ ಮಾತ್ರ ಇದು ಸಮಾಧಾನ ಕೊಡಲಿಲ್ಲ. "ಹಾಗಾದ್ರೆ ಸಿಕ್ಕಿಹಾಕ್ಕೊಂಡ್ರೆ ಏನ್ ಗತಿ?" ಅಂದ್ಲು. ಅದಕ್ಕೆ ವಿಂಚ್‌ನ ದುಡ್ಡಲ್ಲಿ ಬೇರೆ ಪಟ್ಟಿ ಮಾಡಿದ್ವಿ. ಒಂದು ಯುಎಚ್‌ಎಫ್ ರೇಡಿಯೋ: ಹೆದ್ದಾರಿಯಲ್ಲಿ ಲಾರಿಯವರು ಮಾತಾಡೋ 40ನೇ ಚಾನೆಲ್, ತುರ್ತಿಗೆ 5ನೇ ಚಾನೆಲ್, ಹೊಲದವರ ಜೊತೆ ಅವರವರ ಚಾನೆಲ್. ಒಂದು ಪಿಎಲ್‌ಬಿ: ಅಂಗೈಯಗಲದ ಬೀಕನ್, ಪ್ರಾಣಕ್ಕೆ ಅಪಾಯ ಇದ್ದಾಗ ಒತ್ತಿದ್ರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸುದ್ದಿ ಹೋಗುತ್ತೆ. ಇದನ್ನ ಸರ್ಕಾರದ ಕಡಲ ಸುರಕ್ಷತಾ ಸಂಸ್ಥೆ ಆಮ್ಸಾದಲ್ಲಿ ಹೆಸರಿಗೆ ನೋಂದಾಯಿಸಬೇಕು, ಅದಕ್ಕೆ ಶುಲ್ಕ ಇಲ್ಲ. ಚಕ್ರದ ಕೆಳಗೆ ತೂರಿಸೋ ಎರಡು ರಿಕವರಿ ಬೋರ್ಡ್. ಒಳ್ಳೆ ಪಟ್ಟಿ. ಮತ್ತೆ ಚಾಸಿಗೆ ಬೋಲ್ಟ್ ಮಾಡಿದ, ಭಾರ ಬರೆದಿರೋ ರಿಕವರಿ ಪಾಯಿಂಟ್ ಎರಡು. ಎಲ್ಲ ಸೇರಿ 1,300 ಡಾಲರ್ ಆಯ್ತು. ಒಂದು ಮಾತು ಎಲ್ಲರೂ ನೆನಪಿಡಿ: ಟೋಬಾಲ್‌ಗೆ ಹಗ್ಗ ಹಾಕಿ ಸಿಕ್ಕಿಬಿದ್ದ ಗಾಡಿ ಎಳೀಬೇಡಿ. ಆ ಗುಂಡು ಮುರಿದು ಹಾರಿ ಈ ದೇಶದಲ್ಲಿ ಜನ ಸತ್ತಿದ್ದಾರೆ.

ಜುಲೈ ರಜೆಯಲ್ಲಿ ಮೂವರೂ ಹ್ಯೂಮ್ ಹೈವೇ ಹಿಡಿದು 880 ಕಿಲೋಮೀಟರ್ ಓಡಿಸಿಕೊಂಡು ಮೆಲ್ಬರ್ನ್‌ಗೆ ಬಂದ್ರು. ಸಿಡ್ನಿಯಲ್ಲೂ ಹಾಕಿಸಬಹುದಿತ್ತು, ಆದ್ರೆ ನನ್ನ ಸ್ಟಾಫ್ ರಿಯಾಯಿತಿ ಇಲ್ಲೇ ಇರೋದು. ಶೆಡ್‌ನಲ್ಲಿ ಅದೇ ಮಾಡೆಲ್ಲಿನ ಇನ್ನೊಂದು ಗಾಡಿಗೆ ದೊಡ್ಡ ಸ್ಟೀಲ್ ಬಾರ್ ಕೂರಿಸಿ ನಿಲ್ಲಿಸಿದ್ರು. ನನ್ನ ಅಳಿಯ ಕುತೂಹಲಕ್ಕೆ ಅದರ ಮುಂದೆ ಹೋಗಿ ನಿಂತ. ಬಾರ್‌ನ ಮೇಲಿನ ಕೊಳವೆ ಅವನ ನೆತ್ತಿಗಿಂತ ಮೇಲಿತ್ತು. ಅಕ್ಕ ಡ್ರೈವರ್ ಸೀಟಿನಲ್ಲಿ ಕೂತು ನೋಡಿದ್ಲು. ಮಗ ಕಾಣಲೇ ಇಲ್ಲ.

ಇಳಿದು ಬಂದು ಅಕ್ಕ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಹಾಕ್ಸೋದು ಕಾಂಗರೂಗೆ ಅಂತ. ಆದ್ರೆ ತಿಂಗಳಲ್ಲಿ ಎರಡು ವಾರ ಇದರ ಮುಂದೆ ಓಡಾಡೋದು ನಮ್ಮ ಬೀದಿ ಮಕ್ಕಳಲ್ವಾ?"

ಈ ಪ್ರಶ್ನೆಗೆ ಯಾವ ಬಾರ್‌ನಲ್ಲೂ ಪೂರ್ತಿ ಉತ್ತರ ಇಲ್ಲ. ಗಾಡಿ ಒಂದೇ, ಬದುಕು ಎರಡು. ನ್ಯಾರಬ್ರೈ ರಸ್ತೆಗೆ ಬೇಕಾದ್ದನ್ನ ವೆಂಟ್‌ವರ್ತ್‌ವಿಲ್‌ಗೆ ಬಂದಾಗ ಬಿಚ್ಚಿಡೋಕೆ ಆಗಲ್ಲ. ನಾವು ಮಾಡಿದ್ದು ಇಷ್ಟು: ಮೇಲೆ ದೊಡ್ಡ ಕೊಳವೆಗಳಿಲ್ಲದ, ತಗ್ಗಾದ ಅಲ್ಯೂಮಿನಿಯಂ ಬಾರ್ ಆರಿಸಿದ್ವಿ. ಅದರ ಮೇಲೆ ನೋಟಕ್ಕೆ ಅಡ್ಡ ಬರೋ ದೊಡ್ಡ ಲೈಟು, ಆಂಟೆನಾ ಏನೂ ಬೇಡ ಅಂದ್ವಿ. ಮುಂದೆ ಒಂದು ಸಣ್ಣ ಕ್ಯಾಮೆರಾ ಹಾಕಿಸಿದ್ವಿ. ಮತ್ತೆ ಅಕ್ಕ ಒಂದು ನಿಯಮ ಮಾಡಿದ್ಲು: ಯೂಟ್ ಶಾಲೆ ಕಡೆಗೆ ಹೋಗೋ ಹಾಗಿಲ್ಲ. ಸ್ಕೂಲ್ ಝೋನ್‌ನಲ್ಲಿ ನಲವತ್ತರ ವೇಗ ಅಂತ ಬೋರ್ಡ್ ಇದ್ರೂ ಸರಿಯೇ, ಮಗನನ್ನ ಬಿಡೋದು, ಕರಕೊಂಡು ಬರೋದು ಅವಳ ಚಿಕ್ಕ ಕಾರಿನಲ್ಲೇ.

ಭಾವನಿಗೂ ಒಂದು ನಿಯಮ ಬಂತು. ಕತ್ತಲಲ್ಲಿ ಒಳನಾಡಿನ ರಸ್ತೆ ಇಲ್ಲ. ಅವರು ಮ್ಯಾನೇಜರ್ ಹತ್ರ ಮಾತಾಡಿ, ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ನ್ಯಾರಬ್ರೈ ಸೇರೋದು, ಆ ದಿನ ಹೊಲದ ಕೆಲಸ ಇಲ್ಲ ಅಂತ ಒಪ್ಪಿಸಿದ್ರು. ಮೊದಲು ಕೇಳೋಕೆ ಸಂಕೋಚ ಪಟ್ಟಿದ್ರು, ಹೊಸ ಕೆಲಸ, ಏನಂದ್ಕೋತಾರೋ ಅಂತ. ಅವರು ಒಂದೇ ಮಾತಿಗೆ ಹೂಂ ಅಂದ್ರಂತೆ. ಗೆಳೆಯರೇ, ನಾವು ಹೊರಗಿನಿಂದ ಬಂದವರು ಎರಡು ಸಾವಿರ ಡಾಲರ್ ಸಾಮಾನು ಕೊಳ್ಳೋಕೆ ತಯಾರಿರ್ತೀವಿ, ಬಾಸ್ ಹತ್ರ ಒಂದು ಮಾತು ಕೇಳೋಕೆ ಹಿಂಜರೀತೀವಿ. ಕೇಳಿ.

ಫಿಟ್ಟಿಂಗ್‌ಗೆ ಅರ್ಧ ದಿನಕ್ಕಿಂತ ಜಾಸ್ತಿ ಹಿಡೀತು. ಹಳೇ ಬಂಪರ್ ಬಿಚ್ಚಿ, ಸೆನ್ಸರ್‌ಗಳನ್ನ ಹೊಸ ಬಾರ್‌ಗೆ ಸಾಗಿಸಿ, ಬೋಲ್ಟ್‌ಗಳನ್ನ ಟಾರ್ಕ್ ರೆಂಚ್‌ನಲ್ಲಿ ಬಿಗಿದು, ಪ್ರತಿ ಬೋಲ್ಟಿಗೂ ಬಣ್ಣದ ಗುರುತು ಹಾಕಿದ್ವಿ. ಆಮೇಲೆ ಸಾಮಾನು ತುಂಬಿಕೊಂಡು ವೇಬ್ರಿಡ್ಜ್‌ಗೆ ಹೋಗಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿದ್ವಿ. ಎರಡೂ ಮಿತಿಯೊಳಗೆ. ಬಾರ್‌ಗೆ 3,200, ಉಳಿದದ್ದಕ್ಕೆ 1,300, ಒಟ್ಟು 4,500 ಡಾಲರ್. ಬಾರ್ ವಿಂಚ್ ಕೂರಿಸೋಕೆ ಜಾಗ ಇರೋದೇ ತಗೊಂಡ್ವಿ. ನಾಳೆ ಭಾವನ ಕೆಲಸ ಕಾಡಿನ ಕಡೆಗೆ ಬದಲಾದ್ರೆ ಆಗ ನೋಡೋಣ.

ಹತ್ತಿ ಬಿಡಿಸೋ ಕಾಲಕ್ಕೆ ಮುಂಚೆ ಸೆನ್ಸರ್ ಕೀಳೋಕೆ ಹೋದಾಗ ಭಾವ ಹೊಲದಲ್ಲಿರುವಾಗಲೇ ಅಡ್ಡಮಳೆ ಬಂತು. ಹತ್ತು ನಿಮಿಷದಲ್ಲಿ ಚಕ್ರಕ್ಕೆ ಎರೆ ಮೆತ್ತಿ ಗಾಡಿ ನಿಂತಿತು. ಅವರು ಎಕ್ಸಲೇಟರ್ ತುಳಿದು ಗುಂಡಿ ತೋಡಲಿಲ್ಲ. ರೇಡಿಯೋದಲ್ಲಿ ಹೊಲದವರಿಗೆ ಹೇಳಿ, ಬಾಗಿಲು ಹಾಕಿಕೊಂಡು ಅವಲಕ್ಕಿ ತಿಂತಾ ಕೂತ್ರಂತೆ. ಒಂದು ಗಂಟೆಗೆ ಟ್ರ್ಯಾಕ್ಟರ್ ಬಂತು, ರಿಕವರಿ ಪಾಯಿಂಟ್‌ಗೆ ಪಟ್ಟಿ ಹಾಕಿ ಎಳೆದು ದಾರಿಗೆ ಬಿಟ್ಟು ಹೋಯ್ತು. ಕಾಂಗರೂ ಇದುವರೆಗೂ ಬಾರ್‌ಗೆ ತಾಗಿಲ್ಲ. ತಾಗದೇ ಇರಲಿ.

ಒಳನಾಡಿಗೆ ಹೊರಡೋರು ಅಂಗಡಿಗೆ ಬರೋ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರ್ಕೊಳ್ಳಿ: ಯಾವ ರಸ್ತೆ, ಯಾವ ಹೊತ್ತು, ಯಾವ ಮಣ್ಣು, ಹಗ್ಗ ಕಟ್ಟೋಕೆ ಅಲ್ಲಿ ಏನಿದೆ, ಗಾಡಿಯ ಮೇಲೆ ಈಗಾಗಲೇ ಎಷ್ಟು ಭಾರ ಇದೆ, ಆ ಗಾಡಿಯ ಮುಂದೆ ದಿನಾ ಓಡಾಡೋರು ಯಾರು. ಈ ಉತ್ತರಗಳಿದ್ರೆ ಬಾರ್ ಆರಿಸೋದು ಕಾಲು ಗಂಟೆ ಕೆಲಸ. ಟೂಲಾಂಗಿ ಕಡೆ ಹೋಗೋರಿಗೆ ನಾನೇ ವಿಂಚ್ ತಗೊಳ್ಳಿ ಅಂತ ಹೇಳ್ತೀನಿ. ಶನಿವಾರ ನಾನು ಕೌಂಟರ್‌ನಲ್ಲೇ ಇರ್ತೀನಿ, ಹಾಳೆ ತಗೊಂಡು ಬನ್ನಿ. ಫಿಲ್ಟರ್ ಕಾಫಿ ಫ್ಲಾಸ್ಕ್‌ನಲ್ಲಿ ಇರುತ್ತೆ.